ಹಳೆಯ ಕ್ಯಾಂಪರಿನ ಬೆಲೆ, ಹೊಸ ಭಾರ

ಮಲೆನಾಡಿನ ಊರುಗಳಲ್ಲಿ ಹಳೆಯ ಜೀಪನ್ನೋ ಪಿಕಪ್ಪನ್ನೋ ಕೊಳ್ಳುವುದು ಒಬ್ಬನೇ ಮಾಡುವ ಕೆಲಸವಲ್ಲ. ಕೊಳ್ಳುವವನ ಜೊತೆಗೆ ಪರಿಚಯದ ಮೆಕ್ಯಾನಿಕ್ ಒಬ್ಬ, ಗಾಡಿ ಓಡಿಸಿ ಅನುಭವವುಳ್ಳ ನೆಂಟನೊಬ್ಬ, ಸುಮ್ಮನೆ ನೋಡಲು ಬಂದ ನೆರೆಯವರಿಬ್ಬರು ಇದ್ದೇ ಇರುತ್ತಾರೆ. ಚಾಸಿಯ ತುಕ್ಕನ್ನು ಉಗುರಿನಿಂದ ಕೆರೆದು ನೋಡುವುದು, ಅದರ ಮೇಲಿನ ಸಂಖ್ಯೆಯನ್ನು ಆರ್‌ಸಿ ಪುಸ್ತಕದೊಡನೆ ತಾಳೆ ಹಾಕುವುದು, ಸಾಲ ತೀರಿದ ಬಗ್ಗೆ ಬ್ಯಾಂಕಿನ ಪತ್ರ ಕೇಳುವುದು, ಏರುದಾರಿಯಲ್ಲಿ ಓಡಿಸಿ ಹೊಗೆಯ ಬಣ್ಣ ಗಮನಿಸುವುದು, ಇವೆಲ್ಲ ಇಲ್ಲಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲದ ವಿದ್ಯೆ. ಈ ವಿದ್ಯೆಗೆ ಸಮುದ್ರದಾಚೆಯ ಒಂದು ವಿಚಿತ್ರ ವಸ್ತುವಿನ ವ್ಯಾಪಾರದೊಡನೆ ನಂಟಿದೆ. ಆ ವಸ್ತುವಿನ ಹೆಸರು ಟ್ರಕ್ ಕ್ಯಾಂಪರ್.

ಅಮೆರಿಕ ಮತ್ತು ಕೆನಡಾಗಳಲ್ಲಿ ಪಿಕಪ್ಪಿನ ಹಿಂಬದಿಯ ತೆರೆದ ಬಾಡಿಯೊಳಗೆ ಜಾರಿಸಿ ಕೂರಿಸುವ ಪುಟ್ಟ ಮನೆಯೇ ಟ್ರಕ್ ಕ್ಯಾಂಪರ್. ಚಾಲಕನ ಕೋಣೆಯ ನೆತ್ತಿಯ ಮೇಲೆ ಚಾಚಿಕೊಂಡ ಹಾಸಿಗೆ, ಒಂದು ಗ್ಯಾಸ್ ಒಲೆ, ನೀರಿನ ತೊಟ್ಟಿ, ಶೀತಪೆಟ್ಟಿಗೆ, ದೊಡ್ಡವುಗಳಲ್ಲಿ ಶೌಚಾಲಯವೂ ಉಂಟು. ನಾಲ್ಕು ಮೂಲೆಯ ಜಾಕುಗಳ ಮೇಲೆ ಅದನ್ನು ಎತ್ತಿ ನಿಲ್ಲಿಸಿ, ಕೆಳಗಿನಿಂದ ಗಾಡಿಯನ್ನು ಹೊರತಂದರೆ ಪಿಕಪ್ ಮತ್ತೆ ಗೊಬ್ಬರ ಹೊರುವ ಗಾಡಿಯಾಗುತ್ತದೆ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿಯೊಡನೆ ಅಮೆರಿಕ ಸುತ್ತಿದ್ದು ಇಂಥದೊಂದು ಗಾಡಿಯಲ್ಲಿ. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನು ಅವನು ಅದಕ್ಕಿಟ್ಟಿದ್ದ. ಆ ಗಾಡಿ ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಕೊಳ್ಳುಬಾಕತನದ ದೇಶವೆಂದು ದೂರುವುದಕ್ಕೆ ಮಾತ್ರ ಅಮೆರಿಕದ ಹೆಸರೆತ್ತುವುದು ಪರಿಸರ ಪತ್ರಿಕೆಗಳಿಗೆ ರೂಢಿಯಾಗಿಬಿಟ್ಟಿದೆ. ಆದರೆ ಅಲ್ಲಿಯೇ ಹಳೆಯದನ್ನು ಹುಡುಕಿ, ಪರೀಕ್ಷಿಸಿ, ರಿಪೇರಿ ಮಾಡಿ ಇನ್ನಿಪ್ಪತ್ತು ವರ್ಷ ಬಳಸುವವರ ಒಂದು ವರ್ಗವೂ ಇದೆ. ಕೋವಿಡ್ ಕಾಲದಲ್ಲಿ ಹೋಟೆಲುಗಳು ಮುಚ್ಚಿದಾಗ ಅಮೆರಿಕನ್ನರು ಚಲಿಸುವ ಮನೆಗಳಿಗೆ ಮುಗಿಬಿದ್ದರು. 2021ರಲ್ಲಿ ಆ ಉದ್ಯಮ ಎಲ್ಲ ಬಗೆಯ ಪ್ರವಾಸಿ ವಾಹನಗಳೂ ಸೇರಿ 6 ಲಕ್ಷಕ್ಕೂ ಹೆಚ್ಚು ಘಟಕಗಳನ್ನು ಮಾರುಕಟ್ಟೆಗೆ ಕಳುಹಿಸಿತು. ಹಿಂದೆಂದೂ ಅಷ್ಟು ಹೋಗಿರಲಿಲ್ಲ. 2023ರ ಹೊತ್ತಿಗೆ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಇಳಿಯಿತು. ಇವುಗಳಲ್ಲಿ ಟ್ರಕ್ ಕ್ಯಾಂಪರುಗಳ ಪಾಲು ತೀರ ಚಿಕ್ಕದು. ಆದರೂ ಉತ್ಸಾಹದಲ್ಲಿ ಕೊಂಡು ಅಂಗಳದಲ್ಲಿ ನಿಲ್ಲಿಸಿದ ಗಾಡಿಗಳು ಒಂದೊಂದಾಗಿ ಎರಡನೆಯ ಕೈಗೆ ಬರುತ್ತಿವೆ. ಕೆಲವೇ ಸಾವಿರ ಡಾಲರಿನ ಮುದಿ ಪೆಟ್ಟಿಗೆಯಿಂದ ಹಿಡಿದು ಹತ್ತಾರು ಸಾವಿರ ಡಾಲರಿನವರೆಗೆ ಬೆಲೆ ಹರಡಿಕೊಂಡಿದೆ. ಬೇಸಗೆಯ ಪ್ರವಾಸ ಮುಗಿದು ಚಳಿ ಹತ್ತಿರವಾದಾಗ, ಇನ್ನೊಂದು ಚಳಿಗಾಲ ಇದನ್ನು ಕಾಯುವುದೇಕೆಂದು ಮಾಲೀಕರು ಬೇಸರಪಟ್ಟಾಗ, ಬೆಲೆ ಇಳಿಯುತ್ತದೆ.

ಹಳೆಯ ಕ್ಯಾಂಪರಿನ ಶತ್ರು ವಯಸ್ಸಲ್ಲ, ನೀರು. ಈ ಮಾತನ್ನು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಹೆಂಚೊಂದು ಸರಿದರೆ ಜಂತಿ ಎಷ್ಟು ಮಳೆಗಾಲ ತಡೆದೀತೆಂದು ಅವರು ಬಲ್ಲರು. ಬಹುಪಾಲು ಕ್ಯಾಂಪರುಗಳ ಒಡಲು ಕಿರುಮರದ ಚೌಕಟ್ಟು. ಹೊರಗೆ ಅಲ್ಯುಮಿನಿಯಂ ತಗಡು ಅಥವಾ ಫೈಬರ್‌ಗ್ಲಾಸ್ ಹಾಳೆ, ಒಳಗೆ ತೆಳು ಪ್ಲೈವುಡ್, ನಡುವೆ ಫೋಮು. ಚಾವಣಿಯ ಗಾಳಿಕಿಂಡಿ, ಕಿಟಕಿಯ ಅಂಚು, ಮೂಲೆಯ ಪಟ್ಟಿ, ಜಾಕು ಬಿಗಿದ ಬೋಲ್ಟಿನ ರಂಧ್ರ, ಇವುಗಳಲ್ಲಿ ಯಾವುದಾದರೊಂದರ ಅಂಟು ಒಣಗಿ ಬಿರುಕು ಬಿಟ್ಟರೆ ಸಾಕು. ನೀರು ಒಳಹೊಕ್ಕು ಗೋಡೆಯ ನಡುವೆ ಕುಳಿತು, ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಮರವನ್ನು ಕರಿ ಹುಡಿಯಾಗಿಸುತ್ತದೆ.

ಆದ್ದರಿಂದ ಬಲ್ಲವರು ಮಳೆ ಬಂದ ಮರುದಿನವೇ ನೋಡಲು ಹೋಗುತ್ತಾರೆ. ಬಾಗಿಲು ತೆರೆದೊಡನೆ ಮೂಗಿಗೆ ಬೂಷ್ಟಿನ ವಾಸನೆ ಬರುವುದೇ, ಅಥವಾ ಅದನ್ನು ಮುಚ್ಚಲು ಸಿಂಪಡಿಸಿದ ಸುಗಂಧದ ವಾಸನೆ ಬರುವುದೇ ಎಂದು ಗಮನಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟ ಲಕ್ಷಣ. ನೆತ್ತಿಯ ಮೇಲಿನ ಹಾಸಿಗೆಯನ್ನು ಎತ್ತಿ ಅದರಡಿಯ ಹಲಗೆಯನ್ನು, ವಿಶೇಷವಾಗಿ ಮುಂಭಾಗದ ಎರಡು ಮೂಲೆಗಳನ್ನು ಅಂಗೈಯಿಂದ ಒತ್ತಬೇಕು. ಚಲಿಸುವಾಗ ಗಾಳಿಯೂ ಮಳೆಯೂ ಮೊದಲು ಹೊಡೆಯುವುದು ಅಲ್ಲಿಗೇ. ಕಪಾಟುಗಳ ಒಳಮೂಲೆಗೆ ಟಾರ್ಚು ಹಿಡಿದು ಕಂದು ಕಲೆಯ ಗೆರೆ ಹುಡುಕಬೇಕು. ಮಾಲೀಕ ಒಪ್ಪಿದರೆ ಜಾಕು ಕೂರುವ ಮೂಲೆಯ ಮರಕ್ಕೆ ದಬ್ಬಳ ಚುಚ್ಚಿ ನೋಡಬೇಕು. ಗಟ್ಟಿ ಮರ ದಬ್ಬಳವನ್ನು ತಡೆಯುತ್ತದೆ, ಕೊಳೆತದ್ದು ನುಂಗುತ್ತದೆ. ಹೊರಗಿನ ಫೈಬರ್ ಹಾಳೆ ಎಲ್ಲಿಯಾದರೂ ಗುಳ್ಳೆಯಂತೆ ಉಬ್ಬಿದ್ದರೆ ಪದರಗಳು ಬಿಟ್ಟುಕೊಂಡಿವೆಯೆಂದು ಅರ್ಥ. ಅದರ ದುರಸ್ತಿಯ ಖರ್ಚು ಕೊಂಡ ಬೆಲೆಯನ್ನೂ ಮೀರಬಹುದು. ಒಂದೇ ಗೋಡೆಗೆ ಹೊಸ ಕಾಗದ ಅಂಟಿಸಿ ಉಳಿದ ಮೂರು ಗೋಡೆಗಳನ್ನು ಹಳೆಯದಾಗಿಯೇ ಬಿಟ್ಟಿದ್ದರೆ ಕಾರಣ ಕೇಳದೆ ಬರುವಂತಿಲ್ಲ.

ಊರಿನ ಹವೆಯೂ ಇಲ್ಲಿ ಸಾಕ್ಷಿ ಹೇಳುತ್ತದೆ. ಅರಿಜೋನದ ಮರುಭೂಮಿಯಲ್ಲಿ ಬೆಳೆದ ಕ್ಯಾಂಪರ್ ಒಣಗಿ ಗಟ್ಟಿಯಾಗಿ ಕಾಣುತ್ತದೆ. ಆದರೆ ಬಿಸಿಲಿಗೆ ಅದರ ಅಂಟುಗಳೆಲ್ಲ ಸತ್ತಿರಬಹುದು, ಮಳೆ ಬೀಳದ ಕಾರಣ ಆ ಸಾವು ಯಾರಿಗೂ ತಿಳಿದಿರುವುದಿಲ್ಲ. ಮಳೆಯ ವಾಷಿಂಗ್ಟನ್ ರಾಜ್ಯಕ್ಕೆ ಅದನ್ನು ತಂದ ಮೊದಲ ವರ್ಷವೇ ಗುಟ್ಟು ಹೊರಬೀಳುತ್ತದೆ. ಮರದ ಚೌಕಟ್ಟೇ ಇಲ್ಲದೆ ಎರಡು ಚಿಪ್ಪುಗಳಂತೆ ಅಚ್ಚಿನಲ್ಲಿ ಎರಕಹೊಯ್ದ ಫೈಬರ್‌ಗ್ಲಾಸ್ ಕ್ಯಾಂಪರುಗಳು ಹಳೆಯ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಕಟ್ಟಿಸಿಕೊಳ್ಳುವುದು ಕೀಲುಗಳು ಕಡಿಮೆಯಿರುವ ಈ ಒಂದೇ ಕಾರಣಕ್ಕೆ.

ಒಳಗೋಡೆಯ ಆ ತೆಳು ಪ್ಲೈವುಡ್ಡಿನ ಬಗ್ಗೆ ಕೊಂಚ ನಿಂತು ಯೋಚಿಸುವುದು ಒಳ್ಳೆಯದು. ಅಮೆರಿಕದ ಈ ಉದ್ಯಮ ಬಳಸುವುದು ಬಹುವಾಗಿ ಲವಾನ್ ಎಂಬ ಹಗುರ ಪ್ಲೈವುಡ್. ಅದು ಬರುವುದು ಆಗ್ನೇಯ ಏಷ್ಯದ ಮಳೆಕಾಡಿನ ಡಿಪ್ಟೆರೊಕಾರ್ಪ್ ಕುಟುಂಬದ ಎತ್ತರದ ಮರಗಳಿಂದ. ಪಶ್ಚಿಮಘಟ್ಟದ ಸಾಲುಧೂಪ ಮತ್ತು ಕಿರಾಲಬೋಗಿ ಅದೇ ಕುಟುಂಬದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತಾಗ ಅವರ ಕಣ್ಣೆದುರಿಗೆ ಕಾಡನ್ನು ನುಂಗುತ್ತಿದ್ದ ಉದ್ಯಮಗಳಲ್ಲಿ ಪ್ಲೈವುಡ್ಡೂ ಒಂದಾಗಿತ್ತು. ಸಾಗರದಾಚೆ ಒಬ್ಬ ನಿವೃತ್ತ ದಂಪತಿಗೆ ರಜೆಯ ಗೂಡಾಗುವ ಗೋಡೆಗೂ ಬೋರ್ನಿಯೋದ ಒಂದು ಮರಕ್ಕೂ ನಡುವೆ ಇರುವ ದಾರಿಯನ್ನು ಇಲ್ಲಿಯ ವಿದ್ಯಾರ್ಥಿಗಳು ನಕ್ಷೆಯಲ್ಲಿ ಗುರುತಿಸಬಲ್ಲರು. ಆಗಲೇ ಉರುಳಿದ ಮರದ ಗೋಡೆಯನ್ನು ಒಣಗಿಸಿ, ಕೊಳೆತ ತುಂಡಷ್ಟೇ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳಿಸುವವನು ಇನ್ನೊಂದು ಮರದ ಬೇಡಿಕೆಯನ್ನು ಹುಟ್ಟಿಸುವುದಿಲ್ಲ. ಮೇಲಾಗಿ ಪ್ಲೈವುಡ್, ಫೋಮು, ಫೈಬರ್ ಮೂರನ್ನೂ ಅಂಟಿಸಿದ ಗೋಡೆಯನ್ನು ಮತ್ತೆ ಬಿಡಿಸಿ ಮರುಬಳಕೆ ಮಾಡುವುದು ಅಸಾಧ್ಯಕ್ಕೆ ಸಮೀಪ. ಎಸೆದರೆ ಅದು ಹೋಗುವುದು ಕಸದ ಗುಂಡಿಗೆ. ಹಳೆಯದನ್ನು ಕೊಳ್ಳಬೇಕೆಂಬ ವಾದದ ನಿಜವಾದ ಬಲ ಇರುವುದು ಇಲ್ಲಿ, ಉಳಿತಾಯವಾಗುವ ನಾಲ್ಕು ಕಾಸಿನಲ್ಲಲ್ಲ.

ಆದರೆ ಹಳೆಯದೆಲ್ಲ ಒಳಿತೆಂದು ಹೇಳಿ ಮುಗಿಸುವಂತಿಲ್ಲ. ಅಂಟಿನಲ್ಲಿ ವಿಷವಿದ್ದ ಕಥೆಯೂ ಇದೆ. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ದಕ್ಷಿಣ ತೀರವನ್ನು ಕೊಚ್ಚಿದ ಮೇಲೆ ಮನೆ ಕಳೆದುಕೊಂಡವರಿಗೆ ಅಲ್ಲಿಯ ಸರ್ಕಾರ ಅವಸರದಲ್ಲಿ ತಯಾರಾದ ಟ್ರೈಲರುಗಳನ್ನು ಹಂಚಿತು. ಅವು ಟ್ರಕ್ ಕ್ಯಾಂಪರುಗಳಲ್ಲ, ಗಾಡಿಯ ಹಿಂದೆ ಎಳೆಯುವ ಬಗೆಯವು, ಆದರೆ ಗೋಡೆಯ ವಸ್ತು ಅದೇ. ಒಳಗಿದ್ದವರಿಗೆ ಕಣ್ಣುರಿ, ಕೆಮ್ಮು, ಮೂಗಿನಲ್ಲಿ ರಕ್ತ. ಸರ್ಕಾರದ ರೋಗ ನಿಯಂತ್ರಣ ಕೇಂದ್ರ 519 ಟ್ರೈಲರು ಹಾಗೂ ಸಂಚಾರಿ ಮನೆಗಳ ಗಾಳಿಯನ್ನು ಪರೀಕ್ಷಿಸಿ 2008ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟಿಸಿದಾಗ, ಫಾರ್ಮಾಲ್ಡಿಹೈಡ್ ಅನಿಲದ ಸರಾಸರಿ ಪ್ರಮಾಣ ನೂರು ಕೋಟಿಗೆ 77 ಭಾಗದಷ್ಟಿತ್ತು. ಸಾಮಾನ್ಯ ಮನೆಗಳಲ್ಲಿ ಇರುವುದಕ್ಕಿಂತ ಇದು ಹಲವು ಪಟ್ಟು. ಆಮೇಲೆ ಏನಾಯಿತು? ಅವುಗಳನ್ನು ನಾಶಮಾಡಲಿಲ್ಲ. ವಾಸಕ್ಕೆ ಬಳಸಬಾರದೆಂಬ ಚೀಟಿ ಅಂಟಿಸಿ ಹರಾಜು ಹಾಕಲಾಯಿತು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಸೋರಿದಾಗ ಅದನ್ನು ಬಳಿಯಲು ಬಂದ ಕೂಲಿಕಾರರು ಅಂಥವೇ ಟ್ರೈಲರುಗಳಲ್ಲಿ ಮಲಗುತ್ತಿದ್ದುದು ಪತ್ತೆಯಾಯಿತು. ಕೆಲವದರ ಮೇಲಿನ ಚೀಟಿ ಕಿತ್ತುಹೋಗಿತ್ತು. ಕೈ ಬದಲಾಗುವಾಗ ವಸ್ತುವಿನೊಡನೆ ಅದರ ಚರಿತ್ರೆಯೂ ಕೈ ಬದಲಾಗಬೇಕು. ಹಾಗಾಗದಿದ್ದರೆ ಮರುಬಳಕೆಯ ಹೆಸರಿನಲ್ಲಿ ರೋಗ ಶ್ರೀಮಂತನ ಮನೆಯಿಂದ ಬಡವನ ಮನೆಗೆ ಸಾಗುತ್ತದೆ. ಅದೇ ವರ್ಷ ಅಮೆರಿಕ ಈ ಅನಿಲದ ಬಗ್ಗೆ ಕಾನೂನು ಮಾಡಿತು, ನಿಯಮಗಳು ಜಾರಿಗೆ ಬಂದದ್ದು 2018ರಲ್ಲಿ. ವರ್ಷಗಳು ಕಳೆದಂತೆ ಈ ಅನಿಲ ಹೊಮ್ಮುವುದು ಇಳಿಯುತ್ತದೆ ಎಂಬುದೊಂದು ಸಮಾಧಾನ. ಕ್ಯಾಂಪರನ್ನು ಬಿಸಿಲಿನಲ್ಲಿ ಬಾಗಿಲು ಮುಚ್ಚಿಟ್ಟು ಆಮೇಲೆ ಒಳಹೊಕ್ಕಾಗ ಕಣ್ಣು ಉರಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸುವುದು ಲೇಸು.

ಉಳಿದ ತಪಾಸಣೆಗಳು ಸರಳ. ಗ್ಯಾಸಿನ ಕೊಳವೆಯ ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ನೋಡಬೇಕು. ಗ್ಯಾಸಿನಲ್ಲಿಯೂ ವಿದ್ಯುತ್ತಿನಲ್ಲಿಯೂ ನಡೆಯುವ ಶೀತಪೆಟ್ಟಿಗೆಯ ಬಳಿ ಅಮೋನಿಯಾ ವಾಸನೆ, ಹಿಂಬದಿಯಲ್ಲಿ ಹಳದಿ ಹುಡಿ ಕಂಡರೆ ಅದರ ಆಯುಷ್ಯ ತೀರಿದಂತೆ. ಇಂಗಾಲದ ಮಾನಾಕ್ಸೈಡ್ ಎಚ್ಚರಿಸುವ ಯಂತ್ರದ ಹಿಂದೆ ಅವಧಿ ಮುಗಿಯುವ ದಿನಾಂಕ ಮುದ್ರಿತವಾಗಿರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಒಲೆ ಉರಿಸಿ ಮಲಗುವವರಿಗೆ ಇದಕ್ಕಿಂತ ಮುಖ್ಯವಾದ ಯಂತ್ರವಿಲ್ಲ. ಟೈರಿನ ಪಕ್ಕೆಯ ಕೊನೆಯ ನಾಲ್ಕು ಅಂಕೆಗಳು ಅದು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ. ಕಾಗದಪತ್ರದಲ್ಲಿ ಒಂದು ತೊಡಕಿದೆ. ಅಲ್ಲಿಯ ಹಲವು ರಾಜ್ಯಗಳಲ್ಲಿ ಟ್ರಕ್ ಕ್ಯಾಂಪರ್ ವಾಹನವೇ ಅಲ್ಲ, ಗಾಡಿಯ ಮೇಲಿನ ಸರಕು. ಆದ್ದರಿಂದ ಅದಕ್ಕೆ ನೋಂದಣಿ ಇಲ್ಲದಿರಬಹುದು. ತಯಾರಕರ ಕ್ರಮಸಂಖ್ಯೆಯನ್ನು ಬರೆದ ಮಾರಾಟದ ರಸೀದಿಯೊಂದೇ ಕಳವಿನ ಮಾಲು ಕೊಳ್ಳದಂತೆ ಕಾಯುವುದು.

ನೀರಿನ ಅನಂತರದ ಮಾತು ಭಾರದ್ದು, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಅಮೆರಿಕದಲ್ಲಿ ಪಿಕಪ್ಪುಗಳನ್ನು ಅರ್ಧ ಟನ್ನಿನದು, ಮುಕ್ಕಾಲು ಟನ್ನಿನದು, ಒಂದು ಟನ್ನಿನದು ಎಂದು ಕರೆಯುವ ಹಳೆಯ ವಾಡಿಕೆಯಿದೆ. ಇಂದಿನ ಗಾಡಿಗಳ ನಿಜವಾದ ಸಾಮರ್ಥ್ಯಕ್ಕೂ ಆ ಹೆಸರುಗಳಿಗೂ ಸಂಬಂಧವಿಲ್ಲ. ನಿಜ ಇರುವುದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಒಂದು ಸಣ್ಣ ಚೀಟಿಯಲ್ಲಿ. ಕೂತ ಜನ ಮತ್ತು ಹೇರಿದ ಸರಕು ಎರಡೂ ಸೇರಿ ಇಷ್ಟು ಕಿಲೋ ಮೀರಬಾರದೆಂದು ಅದು ಹೇಳುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ಚೀಟಿಯಲ್ಲಿ 680 ಕಿಲೋ ಎಂದಿದೆ. ಮಾರುವವನ ಕ್ಯಾಂಪರ್ ಹಗುರವಾದದ್ದು, ಮೇಲ್ಭಾಗ ಮಡಚುವಂಥದ್ದು, ತಯಾರಕರ ಕಾಗದದಲ್ಲಿ ತೂಕ 545 ಕಿಲೋ. ಇನ್ನೂ 135 ಕಿಲೋ ಮಿಕ್ಕಿತೆಂದು ಕೊಳ್ಳುವವನು ಸಂತೋಷಪಡುತ್ತಾನೆ. ಆದರೆ 545 ಎಂಬುದು ಒಣ ತೂಕ, ಖಾಲಿ ಪೆಟ್ಟಿಗೆಯದು. ತೊಟ್ಟಿಗೆ ನೀರು ತುಂಬಿದರೆ 75 ಕಿಲೋ. ಗಂಡಹೆಂಡಿರಿಬ್ಬರು ಹತ್ತಿದರೆ 140. ತುಂಬಿದ ಗ್ಯಾಸ್ ಸಿಲಿಂಡರ್ 17, ಬ್ಯಾಟರಿ 28. ಪಾತ್ರೆ, ಬಟ್ಟೆ, ಅಕ್ಕಿ, ಹಗ್ಗ, ಪುಸ್ತಕಗಳಿಗೆ 100 ಎಂದಿಟ್ಟುಕೊಂಡರೂ ಒಟ್ಟು 905 ಆಯಿತು. ಮಿತಿ ಮೀರಿದ್ದು 225 ಕಿಲೋ.

ಆಗ ಅಂಗಡಿಯವನು ಇನ್ನೆರಡು ಪ್ಲೇಟು ಹಾಕಿಸಿ, ಗಾಳಿಚೀಲ ಹಾಕಿಸಿ ಎನ್ನುತ್ತಾನೆ. ಹಿಂಭಾಗ ತಗ್ಗುವುದು ನಿಲ್ಲುತ್ತದೆ, ಗಾಡಿ ನೆಟ್ಟಗೆ ಕಾಣುತ್ತದೆ. ಆದರೆ ಅಚ್ಚು, ಚಕ್ರ, ಬ್ರೇಕು ಹಳೆಯವೇ. ತಗ್ಗಿದ ಬೆನ್ನು ಕೊಡುತ್ತಿದ್ದ ಎಚ್ಚರಿಕೆಯೊಂದು ಅಳಿಸಿಹೋಯಿತು, ಅಷ್ಟೇ. ಭಾರದ ಕೇಂದ್ರ ಹಿಂದಿನ ಅಚ್ಚಿಗಿಂತ ಮುಂದಿರಬೇಕೆಂಬ ನಿಯಮವೂ ಇದೆ. ಹಿಂದಕ್ಕೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಸ್ಟಿಯರಿಂಗು ಮಾತು ಕೇಳುವುದಿಲ್ಲ. ಎತ್ತರದ ಪೆಟ್ಟಿಗೆ ಹೊತ್ತ ಗಾಡಿ ಅಡ್ಡಗಾಳಿಗೆ ಓಲಾಡುತ್ತದೆ. ವಿವೇಕಿಗಳು ಮೊದಲು ಚೀಟಿ ಓದಿ, ಆಮೇಲೆ ಕ್ಯಾಂಪರ್ ಹುಡುಕುತ್ತಾರೆ. ಕೊಂಡಾದ ಮೇಲೆ ಲಾರಿಗಳ ತೂಕದ ಕಾಟಾಕ್ಕೆ ಹೋಗಿ ಎರಡು ಅಚ್ಚುಗಳನ್ನೂ ಬೇರೆಬೇರೆಯಾಗಿ ತೂಗಿಸುತ್ತಾರೆ. ಆಸೆಯಿಂದ ಕೊಂಡವರು ಮಾತ್ರ ತೂಕದ ಕಾಟಾದ ಎದುರಿನಿಂದ ಮುಖ ತಿರುಗಿಸಿ ಹೋಗುತ್ತಾರೆ.

ಹಳೆಯ ಕ್ಯಾಂಪರುಗಳ ಗಿರಾಕಿಗಳೆಲ್ಲ ರಜೆಯ ಪ್ರವಾಸಿಗರಲ್ಲ. ಬಾಡಿಗೆ ಕಟ್ಟಲಾಗದೆ ಗಾಡಿಯನ್ನೇ ಮನೆ ಮಾಡಿಕೊಂಡವರೂ ಅವರಲ್ಲಿದ್ದಾರೆ. ಇಳಿವಯಸ್ಸಿನಲ್ಲಿ ಊರಿಂದೂರಿಗೆ ಕೂಲಿ ಅರಸುತ್ತ ಹೀಗೆ ಅಲೆಯುವವರನ್ನು ಕುರಿತು ಜೆಸಿಕಾ ಬ್ರೂಡರ್ 2017ರಲ್ಲಿ ಪುಸ್ತಕ ಬರೆದರು. ಅದನ್ನಾಧರಿಸಿದ ‘ನೋಮ್ಯಾಡ್‌ಲ್ಯಾಂಡ್’ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. ಪ್ರಶಸ್ತಿ ಬಂದರೂ ಅವರಿಗೆ ನಿಲ್ಲುವ ಜಾಗ ಹೆಚ್ಚಲಿಲ್ಲ. 2024ರ ಜೂನಿನಲ್ಲಿ ಓರೆಗಾನಿನ ಗ್ರಾಂಟ್ಸ್ ಪಾಸ್ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಸಾರ್ವಜನಿಕ ಜಾಗದಲ್ಲಿ ಬೀಡುಬಿಡುವವರನ್ನು ಊರಾಡಳಿತ ದಂಡಿಸಬಹುದೆಂದು ತೀರ್ಪಿತ್ತಿತು. ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ಅದರಲ್ಲಿ ಬಹುಪಾಲು ಕಡೆ ಯಾರು ಬೇಕಾದರೂ ಬೀಡುಬಿಡಬಹುದು, ಆದರೆ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಮೀರುವಂತಿಲ್ಲ. ನೆಲಕ್ಕೆ ಚೇತರಿಸಿಕೊಳ್ಳಲು ಬಿಡುವು ಬೇಕೆಂಬುದು ನಿಯಮದ ಹಿಂದಿನ ವಿವೇಕ. ಮನೆಯಿಲ್ಲದವನಿಗೆ ಅದೇ ನಿಯಮ ಎರಡು ವಾರಕ್ಕೊಮ್ಮೆ ಒಕ್ಕಲೆಬ್ಬಿಸುವ ನೋಟೀಸು. ಎರಡೂ ಸತ್ಯವೇ. ನೆಲದ ಪರ ಮಾತಾಡುವವರು ಎರಡನೆಯ ಸತ್ಯವನ್ನು ಕೇಳದಂತೆ ನಟಿಸುವುದು ಪರಿಸರವಾದಕ್ಕೆ ಶೋಭೆ ತರುವುದಿಲ್ಲ.

ಈ ಕಥೆಗೂ ಘಟ್ಟದ ಸಾಲಿಗೂ ಸಂಬಂಧ ಹೊಸದಾಗಿ ಹುಟ್ಟಿದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿತು. ಮರುವರ್ಷ ಫೆಬ್ರವರಿಯಲ್ಲಿ ಇಡುಕ್ಕಿಯ ಬೆಟ್ಟದೂರು ವಾಗಮಣ್‌ನಲ್ಲಿ ಅಲ್ಲಿಯ ಮೊದಲ ಕ್ಯಾರವಾನ್ ತಂಗುದಾಣ ತೆರೆಯಿತು. ಹಳೆಯ ಪಿಕಪ್ ಕೊಂಡು ತಾವೇ ಒಳಗೊಂದು ಮನೆ ಕಟ್ಟುವ ಹುಮ್ಮಸ್ಸು ಕಾಲೇಜು ಹುಡುಗರಲ್ಲಿಯೂ ಕಾಣುತ್ತಿದೆ. ಅಂಥವರು ಮೊದಲು ಕಾನೂನು ತಿಳಿಯಲಿ. ಇಲ್ಲಿ ಕ್ಯಾಂಪರ್ ಸರಕೆಂದು ವಾದಿಸಿ ಪಾರಾಗುವುದು ಸುಲಭವಲ್ಲ. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಡಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆರ್‌ಟಿಒ ಕಚೇರಿಯ ಅನುಮತಿ ಕೈಗೆ ಬರುವ ಮೊದಲು ಬಡಗಿಗೆ ಮುಂಗಡ ಕೊಡುವುದು ಬುದ್ಧಿವಂತಿಕೆಯಲ್ಲ.

ಎರಡನೆಯದು ಭಾರದ ಲೆಕ್ಕ. ಪಿಕಪ್ಪಿನ ಬಾಗಿಲಿಗೆ ಅಂಟಿಸಿದಂಥ ಚೀಟಿ ಬೆಟ್ಟಕ್ಕೆ ಇಲ್ಲ. ಅದರ ತಾಳಿಕೆ ಎಷ್ಟೆಂದು ಸಾಮಾನ್ಯವಾಗಿ ತಿಳಿಯುವುದು ಕುಸಿದ ಮೇಲೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದ ಅನಂತರವೇ ಅಲ್ಲಿ ಭಾರೀ ವಾಹನಗಳನ್ನು ನಿಷೇಧಿಸಿದ್ದು. ನೀಲಗಿರಿ ಮತ್ತು ಕೊಡೈಕೆನಾಲ್‌ಗಳಲ್ಲಿ ಮಾತ್ರ ಯಾರೋ ಮೊದಲೇ ಲೆಕ್ಕ ಕೇಳಿದರು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಅಲ್ಲಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಬೆಟ್ಟಗಳ ಧಾರಣಾ ಸಾಮರ್ಥ್ಯವನ್ನು ಅಧ್ಯಯನ ಮಾಡಿಸುವುದೂ ಆ ಆದೇಶದ ಉದ್ದೇಶ. 2025ರಲ್ಲಿ ನ್ಯಾಯಾಲಯ ಸಂಖ್ಯೆಯನ್ನೇ ಗೊತ್ತುಪಡಿಸಿತು: ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನ, ಕೊಡೈಕೆನಾಲ್‌ಗೆ 4,000 ಮತ್ತು 6,000. ಈ ಅಂಕೆಗಳು ಹೆಚ್ಚಾದವೋ ಕಡಿಮೆಯಾದವೋ ಎಂದು ವ್ಯಾಪಾರಿಗಳೂ ಪರಿಸರವಾದಿಗಳೂ ಜಗಳವಾಡಬಹುದು. ಜಗಳವಾಡಲು ಅಲ್ಲಿ ಒಂದು ಅಂಕೆಯಾದರೂ ಇದೆ. ಕ್ಯಾರವಾನ್ ತಂಗುದಾಣ ತೆರೆಯಬೇಕೆಂಬ ಪ್ರಸ್ತಾವ ಯಾವುದೇ ಘಟ್ಟದ ಗ್ರಾಮಸಭೆಯ ಮುಂದೆ ಬಂದ ದಿನ, ತಂಗುದಾಣದ ಚಿತ್ರಪಟ ನೋಡುವ ಮೊದಲು ಸಭೆ ಕೇಳಬೇಕಾದದ್ದು ಆ ರಸ್ತೆಯ, ಆ ಹಳ್ಳದ ನೀರಿನ, ಆ ಗುಡ್ಡದ ಅಂಕೆಯನ್ನು. ಜೊತೆಗೆ, ಒಂದೊಂದು ಗಾಡಿಯ ಶೌಚದ ತೊಟ್ಟಿ ಎಲ್ಲಿ ಖಾಲಿಯಾಗುತ್ತದೆ ಎಂಬುದನ್ನು.